ನಡತೆಯ ಸಾಕ್ಷಿ

ಪೇಪರಿನವರು ನನ್ನ ಹೆಸರು ಹಾಕಲಿಲ್ಲ. ಹಾಕಬಾರದು ಎಂದು ಕಾನೂನೇ ಇದೆಯಂತೆ. ಅದರ ಬದಲು ಹೀಗೆ ಬರೆದರು: ತೆಕ್ಕಟ್ಟೆ ಸಮೀಪದ ಕಾಲನಿಯೊಂದರ, ಗೇರುಬೀಜ ಕಾರ್ಖಾನೆಯಲ್ಲಿ ಕೂಲಿ ಮಾಡುವ, ಎರಡು ಮದುವೆಯಾಗಿರುವ ಮೂವತ್ತರ ಮಹಿಳೆ. ನಮ್ಮ ಕಾಲನಿಯ ಮನೆಗಳನ್ನೆಲ್ಲ ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಸುತ್ತಿ ಬರಬಹುದು. ಅದರಲ್ಲಿ ಗೇರುಬೀಜಕ್ಕೆ ಹೋಗುವ, ಎರಡು ಮದುವೆಯಾದವಳು ಎಂದರೆ ಇನ್ಯಾರು? ಹೆಸರು ಹಾಕಿದ್ದರೆ ಆ ಎರಡು ಮದುವೆ ಹಾಕುವ ಅಗತ್ಯ ಬೀಳುತ್ತಿರಲಿಲ್ಲ. ನನ್ನ ಹೆಸರು ಸುಗುಣ. ನಾನೇ ಹೇಳುತ್ತಿದ್ದೇನೆ, ಬರೆದುಕೊಳ್ಳಿ.

ಎರಡು ಮದುವೆಯ ವಿಷಯ ಮೊದಲೇ ಹೇಳಿ ಮುಗಿಸುತ್ತೇನೆ. ಬೇರೆಯವರು ಹೇಳಿದ್ದು ಸಾಕಾಗಿದೆ.

ನಮ್ಮದು ಅಳಿಯಕಟ್ಟು. ಮಕ್ಕಳು ತಾಯಿಯ ಕಡೆಗೆ, ಮನೆ ಹೆಣ್ಣಿನದು. ಮನೆ ಎಂದರೆ ನಮ್ಮಲ್ಲಿ ಎಂತದು, ನಾಲ್ಕು ಮಣ್ಣಿನ ಗೋಡೆ. ಆದರೂ ಅದು ಹೆಣ್ಣಿನದು. ಹದಿನೆಂಟಕ್ಕೆ ನನಗೆ ಬೈಂದೂರಿನ ಶೇಖರನ ಜೊತೆ ಮದುವೆಯಾಯಿತು. ಅವನು ದೋಣಿಯಿಂದ ಮೀನು ಇಳಿಸುವ ಕೆಲಸದವನು. ಕುಡಿಯದಿದ್ದಾಗ ಒಳ್ಳೆಯವನೇ. ಕುಡಿದರೆ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದ. ಹೊಟ್ಟೆಯಲ್ಲಿದ್ದ ಎರಡನೆಯ ಕೂಸು ಅವನ ಒದೆತಕ್ಕೇ ಹೋಯಿತು. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಬ್ಬೆಯ ಮನೆಗೆ ಬಂದೆ.

ಹೆಣ್ಣು ಗಂಡನನ್ನು ಬಿಡುವುದಕ್ಕೆ ನಮ್ಮಲ್ಲಿ ಒಂದು ಕ್ರಮ ಇದೆ. ಕೇರಿಯ ಹಿರಿಯರನ್ನು ಅಂಗಳಕ್ಕೆ ಕರೆಯಬೇಕು. ಗಂಡ ಕೊಟ್ಟ ಸೀರೆ, ಕಟ್ಟಿದ ಕರಿಮಣಿ ಎರಡನ್ನೂ ವೀಳ್ಯದೆಲೆಯ ಜೊತೆ ಹರಿವಾಣದಲ್ಲಿಟ್ಟು ಅವನ ಕೈಗೆ ಹಿಂದಕ್ಕೆ ಕೊಡಬೇಕು. ಶೇಖರ ತೆಗೆದುಕೊಂಡ. ಅತ್ತ ಕೂಡ. ಕೆಲವು ವರ್ಷ ಕಳೆದು ಮುರಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುವ ಕಿಟ್ಟ ಬಂದು ಅಬ್ಬೆಯ ಹತ್ತಿರ ನನ್ನನ್ನು ಕೇಳಿದ. ಅದೇ ಅಂಗಳ, ಅದೇ ಹಿರಿಯರು. ಕಿಟ್ಟ ಸೀರೆ ಕೊಟ್ಟ, ನಾನು ಉಟ್ಟು ಹೊರಗೆ ಬಂದೆ, ಬಂದವರಿಗೆಲ್ಲ ಅನ್ನ ಬಡಿಸಿದೆವು. ಇದಕ್ಕೆ ಕೂಡಿಕೆ ಎನ್ನುತ್ತಾರೆ. ಹಾಡಹಗಲು, ನಾಲ್ಕು ಜನರ ಕಣ್ಣೆದುರು ಆದದ್ದು. ನಾನು ಓಡಿ ಹೋದವಳಲ್ಲ, ಯಾರೋ ಇಟ್ಟುಕೊಂಡವಳೂ ಅಲ್ಲ.

ನನ್ನ ಚರಿತ್ರೆ ಇಷ್ಟೇ. ಇದನ್ನೇ ಹಿಡಿದುಕೊಂಡು ಕೋರ್ಟಿನಲ್ಲಿ ಅವರು ನನ್ನನ್ನು ಸುಲಿದರು.

ಕಾರ್ಖಾನೆಯಲ್ಲಿ ನಾನು ಕಟ್ಟಿಂಗಿನಲ್ಲಿದ್ದೆ. ಬೇಯಿಸಿದ ಗೇರುಬೀಜವನ್ನು ಎರಡು ಅಲಗಿನ ನಡುವೆ ಇಡಬೇಕು. ಕಾಲಿನಿಂದ ಮೆಟ್ಟಬೇಕು, ಕೈಯಿಂದ ಹಿಡಿಕೆ ತಿರುಗಿಸಬೇಕು. ಸಿಪ್ಪೆ ಬಿರಿಯುತ್ತದೆ, ಒಳಗಿಂದ ಕಪ್ಪು ಎಣ್ಣೆ ಜಿನುಗುತ್ತದೆ. ಆ ಎಣ್ಣೆ ಚರ್ಮ ತಿನ್ನುತ್ತದೆ. ಹೊಸದಾಗಿ ಸೇರಿದವರ ಕೈಯೆಲ್ಲ ಗುಳ್ಳೆ ಏಳುತ್ತದೆ, ಒಡೆಯುತ್ತದೆ, ಮತ್ತೆ ಏಳುತ್ತದೆ. ಕ್ರಮೇಣ ಚರ್ಮವೇ ಸತ್ತು ಹೋಗುತ್ತದೆ. ಬೆಳಿಗ್ಗೆ ಕೂತರೆ ಸಂಜೆಗೆ ಸೊಂಟ ನಮ್ಮದಲ್ಲ. ಊಟಕ್ಕೆ ಕುಳಿತರೆ ಅನ್ನಕ್ಕೂ ಅದೇ ವಾಸನೆ. ಆಮೇಲೆ ದೂರು ಕೊಡಲು ಹೋದಾಗ ಠಾಣೆಯಲ್ಲಿ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡರು. ಮಸಿ ಬಂತು, ಗೆರೆ ಬರಲಿಲ್ಲ. ಪೊಲೀಸಿನವನು ಮತ್ತೆ ಮತ್ತೆ ಒತ್ತಿಸಿದ. ನಾನು ಏಳನೆಯವರೆಗೆ ಓದಿದವಳು, ಸಹಿ ಹಾಕುತ್ತೇನೆ ಎಂದಾಗ ಅವನಿಗೆ ನಂಬಿಕೆ ಬರಲಿಲ್ಲ.

ತೊಂಬತ್ತೊಂಬತ್ತರ ಏಪ್ರಿಲ್. ಕಾರ್ಖಾನೆಯ ಟಾಂಕಿಯಲ್ಲಿ ನೀರು ಖಾಲಿ. ಕೈ ತೊಳೆಯದೆ ಹೊರಟೆ. ಹೆದ್ದಾರಿಯಲ್ಲಿ ಬಸ್ಸಿಳಿದು ಕಾಲನಿಗೆ ಬರಬೇಕಾದರೆ ದೊಡ್ಮನೆಯವರ ಗೇರುಹಾಡಿಯ ಮರಗಳ ನಡುವೆ ಹಾದು ಬರಬೇಕು. ಬೇರೆ ದಾರಿ ಇಲ್ಲ. ಆ ಗುಡ್ಡದಷ್ಟೂ ಹಾಡಿ ಅವರದು. ಕೆಳಗಿನ ಗದ್ದೆಗಳು ಅವರದು, ಮುಂಬೈಯಲ್ಲಿ ಹೋಟೆಲೂ ಇದೆ. ಹೋಟೆಲು ನೋಡಿಕೊಳ್ಳುತ್ತಿದ್ದ ಭೋಜರಾಜ ಬೇಸಿಗೆಗೆಂದು ಊರಿಗೆ ಬಂದಿದ್ದ. ಪಂಪಿನ ಶೆಡ್ಡಿನ ಹತ್ತಿರ ನಿಂತಿದ್ದ.

ಮುಂದಿನದನ್ನು ಠಾಣೆಯಲ್ಲಿ ಹೇಳಿದ್ದೇನೆ. ಆಸ್ಪತ್ರೆಯಲ್ಲಿ ಹೇಳಿದ್ದೇನೆ. ಕೋರ್ಟಿನಲ್ಲಿ ಹೇಳಿದ್ದೇನೆ, ಅಲ್ಲಿ ಇನ್ನೂ ಜೋರಾಗಿ ಹೇಳು ಎಂದರು, ಜೋರಾಗಿಯೂ ಹೇಳಿದ್ದೇನೆ. ಇಲ್ಲಿ ಹೇಳುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ನನ್ನ ಎರಡೂ ಕೈಯಿಂದ ಅವನ ಕುತ್ತಿಗೆ ಹಿಡಿದು ಹಿಂದಕ್ಕೆ ದೂಡಿದೆ. ಪರಚಿದೆ. ಆಗಲಿಲ್ಲ. ಆದರೆ ಕೈಯಲ್ಲಿ ಎಣ್ಣೆ ಇತ್ತು. ಪೊಲೀಸರು ಅವನನ್ನು ಕರೆಸುವಷ್ಟರಲ್ಲಿ ಅವನ ಕುತ್ತಿಗೆಯಲ್ಲಿ ಗುಳ್ಳೆಗಳು ಎದ್ದು ನೀರು ತುಂಬಿಕೊಂಡಿದ್ದವು. ಒಂದೊಂದು ಬೆರಳೂ ಬೇರೆ ಬೇರೆ ಕಾಣುತ್ತಿತ್ತು. ನನ್ನ ಬೆರಳು. ಠಾಣೆಯವರಿಗೆ ಕಾಗದದ ಮೇಲೆ ಸಿಗದ ಗುರುತು ಅವನ ಕುತ್ತಿಗೆಯ ಮೇಲೆ ಚೆನ್ನಾಗಿ ಬಿದ್ದಿತ್ತು.

ಅಬ್ಬೆ ಮೊದಲು ದೂರು ಕೊಡುವುದು ಬೇಡ ಎಂದಳು. ಅವಳ ಹೆಸರು ಅಮ್ಮಣ್ಣಿ. ಹುಟ್ಟಿದಂದಿನಿಂದ ದೊಡ್ಮನೆಯ ಗದ್ದೆಯಲ್ಲಿ ನೆಟ್ಟಿ ಮಾಡಿದವಳು, ಅವರ ದನದ ಹಟ್ಟಿ ತೊಳೆದವಳು, ಅವರ ಮನೆಯ ಚಾವಡಿಯ ಮೆಟ್ಟಿಲು ಒಮ್ಮೆಯೂ ಹತ್ತದವಳು.

"ನಾಳಿಂದ ಆ ಹಾಡಿಯಂಗೆ ನಡೂಕ್ ಬಿಡ್ತ್ರಾ ಅವ್ರ್? ಎಲ್ಲ್ ಹೋತೆ ನೀನ್?" ಎಂದಳು.

ಕಿಟ್ಟ ಕೋರೆಯಿಂದ ಬಂದವನು ಮೈಯ ಕೆಂಪು ಧೂಳನ್ನೂ ತೊಳೆದಿರಲಿಲ್ಲ. ನನ್ನ ಮುಖ ನೋಡಿದ. ಅವನು ಏನು ಕೇಳುತ್ತಾನೋ ಎಂದು ನನಗೆ ಹೆದರಿಕೆ ಇತ್ತು. ಅವನು ಏನೂ ಕೇಳಲಿಲ್ಲ.

"ಹೋಪ. ಏಳ್. ಠಾಣೆಗೆ ಹೋಪ," ಎಂದ.

ಆಸ್ಪತ್ರೆಯಲ್ಲಿ ಡಾಕ್ಟರು ಎರಡು ಬೆರಳು ಹಾಕಿ ನೋಡಿದರು. ಯಾಕೆ ಎಂದು ಕೇಳಿದೆ. ಕ್ರಮ ಎಂದರು. ವರದಿಯಲ್ಲಿ ಬರೆದರು, ಈಕೆಯ ದೇಹ ಸಂಭೋಗಕ್ಕೆ ಒಗ್ಗಿದೆ ಎಂದು. ಎಂಟು ವರ್ಷದ ಮಗಳು ಹೊರಗೆ ಬೆಂಚಿನ ಮೇಲೆ ಕೂತು ಬನ್ ತಿನ್ನುತ್ತಿದ್ದಳು. ಅವಳನ್ನು ನೋಡಿದರೆ ಗೊತ್ತಾಗುವುದಕ್ಕೆ ಡಾಕ್ಟರಿಗೆ ಎರಡು ಬೆರಳು ಬೇಕಾಯಿತು. ಆ ಒಂದು ಸಾಲು ಆಮೇಲೆ ಕೋರ್ಟಿಗೂ ಬಂತು, ತೀರ್ಪಿಗೂ ಬಂತು. ಅವನ ದೇಹ ಯಾವುದಕ್ಕೆ ಒಗ್ಗಿದೆ ಎಂದು ಯಾರೂ ಬೆರಳು ಹಾಕಿ ನೋಡಲಿಲ್ಲ.

ಕೇಸು ನಡೆಯುವಷ್ಟರಲ್ಲಿ ಎರಡು ಸಾವಿರದ ಇಸವಿ ದಾಟಿತ್ತು. ಅಷ್ಟರಲ್ಲಿ ಊರಿನ ವಿಚಾರಣೆ ಮುಗಿದೇ ಹೋಗಿತ್ತು. ಸರ್ಕಾರಿ ವಕೀಲರ ಜೊತೆಗಿದ್ದ ಹುಡುಗ ವಕೀಲ ಒಂದು ದಿನ ಹೇಳಿದ್ದ, ಕೆಲವು ದೇಶಗಳಲ್ಲಿ ಊರ ಜನರನ್ನೇ ಕರೆದು ಕೂರಿಸಿ ತಪ್ಪೋ ಸರಿಯೋ ಎಂದು ಕೇಳುತ್ತಾರೆ, ನಮ್ಮಲ್ಲೂ ಹಿಂದೆ ಇತ್ತು, ಜನ ಇಲ್ಲಸಲ್ಲದ್ದು ನೋಡಿ ತೀರ್ಪು ಕೊಡುತ್ತಾರೆ ಎಂದು ತೆಗೆದರು ಎಂದು. ತೆಗೆದದ್ದು ಕೋರ್ಟಿನಿಂದ. ಬಸ್ ಸ್ಟಾಪಿನಿಂದ ತೆಗೆದಿಲ್ಲ, ಚಾ ಅಂಗಡಿಯಿಂದ ತೆಗೆದಿಲ್ಲ. ನಾನು ಬಸ್ಸು ಹತ್ತಿದರೆ ಕಂಡಕ್ಟರ್ ನನಗೆ ಕೇಳುವಷ್ಟು ಜೋರಾಗಿ ಡ್ರೈವರಿಗೆ ಹೇಳುತ್ತಿದ್ದ, ಎರಡು ಗಂಡಸರನ್ನು ಕಂಡವಳಿಗೆ ಮೂರನೆಯವ ಒತ್ತಾಯ ಮಾಡಬೇಕಾ ಎಂದು. ಕಾರ್ಖಾನೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಮೆಷಿನ್ ಬದಲಿಸಿಕೊಂಡಳು. ಅವಳಿಗೂ ಹಾಡಿಯಲ್ಲಿ ಅವನು ಅಡ್ಡ ನಿಂತದ್ದಿತ್ತು. ಅವಳೇ ನನಗೆ ಹೇಳಿದ್ದಳು. ಸಾಕ್ಷಿಗೆ ಬಾ ಎಂದರೆ ಕೈ ಮುಗಿದಳು.

ಸಾಕ್ಷಿಯ ಹಿಂದಿನ ದಿನ ಸರ್ಕಾರಿ ವಕೀಲರು ನನ್ನನ್ನು ಕರೆಸಿದರು. ಕೆಟ್ಟವರಲ್ಲ. ಆಯಾಸಗೊಂಡ ಮನುಷ್ಯ. ನನಗೆ ಕುರ್ಚಿ ಕೊಟ್ಟರು.

"ನೋಡಮ್ಮ, ಆಚೆ ವಕೀಲರು ಸುಧಾಕರ. ಅವರು ಘಟನೆ ಬಗ್ಗೆ ಹೆಚ್ಚು ಕೇಳುವುದಿಲ್ಲ. ನಿನ್ನ ನಡತೆ ಬಗ್ಗೆ ಕೇಳುತ್ತಾರೆ. ಹೆಂಗಸಿನ ನಡತೆ ಸರಿ ಇಲ್ಲ ಅಂತ ತೋರಿಸಲಿಕ್ಕೆ ಕಾನೂನಿನಲ್ಲಿ ಅವಕಾಶ ಉಂಟು. ಆ ಮೊದಲನೆಯವನು, ಶೇಖರ. ಅವನು ಸತ್ತುಹೋದ ಅಂತ ಹೇಳಿಬಿಡು."

"ಅವ್ನ್ ಬದ್ಕಿದ್ದ ಒಡ್ಯಾ."

"ಗೊತ್ತು. ಗಂಡ ಸತ್ತವಳು ಅಂದರೆ ಜಡ್ಜರಿಗೆ ಕನಿಕರ ಬರುತ್ತದೆ. ಗಂಡನನ್ನು ಬಿಟ್ಟವಳು ಅಂದರೆ ಬರುವುದಿಲ್ಲ. ಇಷ್ಟೇ ವ್ಯತ್ಯಾಸ."

"ಬದ್ಕಿಪ್ಪೋನ್ನ ನಾನ್ ಹ್ಯಾಂಗ್ ಸಾಯ್ಸುದ್? ನಂಗೆ ಆದದ್ದ್ ಸತ್ಯ. ಅದಕ್ಕೆ ಸುಳ್ಳ್ ಯಾಕ್ ಸೇರ್ಸ್ಕ್?"

"ಕೇಸು ಗೆಲ್ಲಲಿಕ್ಕೆ."

ನಾನು ಕುರ್ಚಿಯಿಂದ ಎದ್ದೆ. ಶೇಖರ ನನಗೆ ಹೊಡೆದಿದ್ದ, ನಿಜ. ಆದರೆ ದೊಡ್ಮನೆಯವರು ಬೈಂದೂರಿಗೆ ಕಾರು ಕಳಿಸಿ, ಅವಳು ಎಂಥವಳು ಎಂದು ಕೋರ್ಟಿನಲ್ಲಿ ಹೇಳು ಎಂದು ಕೇಳಿದಾಗ ಅವನು ಹೋಗಲಿಲ್ಲ. "ಅವ್ಳ್ ನನ್ನ್ ಬಿಟ್ಟದ್ದ್ ನನ್ ಕುಡ್ತಕ್ಕೆ, ಅದನ್ನ್ ಬೇಕಾರ್ ಬಂದ್ ಹೇಳ್ತೆ" ಎಂದನಂತೆ. ಅವನನ್ನು ಅಲ್ಲಿಯೇ ಬಿಟ್ಟು ಬಂದರು. ಅಂಥವನನ್ನು ನಾನು ಬಾಯಿಮಾತಿನಲ್ಲಿ ಕೊಲ್ಲಬೇಕಂತೆ. ಒಲ್ಲೆ ಎಂದೆ.

ಬಸ್ಸಿನಲ್ಲಿ ಬ್ರಹ್ಮಾವರ ದಾಟಿ ಕೋರ್ಟಿಗೆ ಹೋದೆವು. ನನ್ನ ಸಾಕ್ಷಿಗೆ ಬಾಗಿಲು ಹಾಕಿದರು. ನನ್ನ ಮರ್ಯಾದೆ ಕಾಯಲಿಕ್ಕಂತೆ. ಕಿಟ್ಟ, ಅಬ್ಬೆ ಹೊರಗೆ. ಒಳಗೆ ಉಳಿದವರೆಲ್ಲ ಗಂಡಸರು. ಜಡ್ಜರು, ಇಬ್ಬರು ವಕೀಲರು, ಅವರ ಸಹಾಯಕರು, ಟೈಪಿಸ್ಟು, ಡವಾಲಿಯವ, ಪೊಲೀಸು. ಕಟಕಟೆಯಲ್ಲಿ ಭೋಜರಾಜ. ಬಿಳಿ ಅಂಗಿ ಹಾಕಿಕೊಂಡು ಮುಂಜಿ ಮನೆಗೆ ಬಂದವನ ಹಾಗೆ ನಿಂತಿದ್ದ.

ಸುಧಾಕರ ವಕೀಲರು ಎದ್ದರು. ಸಣ್ಣ ದನಿಯವರು. ನನ್ನನ್ನು ಬಹುವಚನದಲ್ಲಿಯೇ ಕರೆದರು. ಜೀವಮಾನದಲ್ಲಿ ನನ್ನನ್ನು ಬಹುವಚನದಲ್ಲಿ ಕರೆದ ಮೊದಲ ಗಂಡಸು ಅವರು.

"ನಿಮಗೆ ಎಷ್ಟು ಮಂದಿ ಗಂಡಂದಿರು?"

"ಒಬ್ರ್. ಕಿಟ್ಟ."

"ಅದಕ್ಕೂ ಮೊದಲು?"

"ಶೇಖರ."

"ಶೇಖರ ತೀರಿಕೊಂಡಿದ್ದಾರಾ?"

ಸರ್ಕಾರಿ ವಕೀಲರು ತಲೆ ಎತ್ತಿ ನನ್ನನ್ನು ನೋಡಿದರು. ಹೌದು ಎಂದರೆ ಮುಗಿಯುತ್ತಿತ್ತು.

"ಇಲ್ಲ. ಬದ್ಕಿದ್ದ. ಬೈಂದೂರಲ್ಲಿದ್ದ."

"ಕೋರ್ಟಿನಿಂದ ವಿಚ್ಛೇದನ ಆಗಿದೆಯಾ?"

"ಅಂಗಳದಲ್ಲಿ ಆಯ್ತ್."

ಡವಾಲಿಯವ ನಕ್ಕ. ಜಡ್ಜರು ಅವನನ್ನು ಗದರಿಸಲಿಲ್ಲ.

"ಶೇಖರನನ್ನು ಬಿಟ್ಟ ಮೇಲೆ, ಕಿಟ್ಟ ಸಿಗುವವರೆಗೆ, ನಡುವೆ ಯಾರ ಜೊತೆ ಇದ್ದಿರಿ?"

"ಅಬ್ಬಿ ಒಟ್ಟಿಗೆ."

"ಗಂಡಸರ ಪೈಕಿ ಕೇಳಿದ್ದು."

"ಯಾರೂ ಇಲ್ಲ."

"ಮೂರು ವರ್ಷ? ಯಾರೂ ಇಲ್ಲ? ಆ ವಯಸ್ಸಿನಲ್ಲಿ?"

ಸಾಕ್ಷಿ ಸುಮ್ಮನಿದ್ದಾಳೆ ಎಂದು ಟೈಪು ಮಾಡಿಸಿದರು. ಕಾರ್ಖಾನೆಯ ಸೂಪರ್‌ವೈಸರ್ ಜೊತೆ ನಕ್ಕು ಮಾತಾಡುತ್ತೀರಂತೆ ಎಂದರು. ಕಿಟ್ಟ ಮನೆಯಲ್ಲಿಲ್ಲದಾಗ ಯಾರು ಬರುತ್ತಾರೆ ಎಂದರು. ದಿನಾ ಅದೇ ಹಾಡಿಯ ದಾರಿಯನ್ನೇ ಹಿಡಿಯುವುದು ಯಾಕೆ ಎಂದರು. ನನ್ನ ಮನೆ ಅಲ್ಲಿರುವುದಕ್ಕೆ ಎಂದೆ. ಕುತ್ತಿಗೆಯ ಗುಳ್ಳೆಗಳ ಬಗ್ಗೆ ಒಂದೇ ಒಂದು ಪ್ರಶ್ನೆ. ಗೇರುಹಣ್ಣು ಕೊಯ್ಯುವ ಕಾಲ ಅಲ್ಲವಾ ಅದು? ಹೌದು ಎಂದೆ. ಬೀಜದ ಎಣ್ಣೆ ಯಾರಿಗೂ ತಾಗಬಹುದಲ್ಲವಾ? ಭೋಜರಾಜ ಹುಟ್ಟಿದಂದಿನಿಂದ ಒಂದು ಹಣ್ಣು ಕೊಯ್ದವನಲ್ಲ ಎಂದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ ಎಂದರು.

"ಅಂದರೆ, ಕಟ್ಟಿಕೊಂಡ ಒಬ್ಬ ಗಂಡ ಬದುಕಿರುವಾಗಲೇ ಇನ್ನೊಬ್ಬನ ಜೊತೆ ಸಂಸಾರ ಮಾಡುತ್ತಿದ್ದೀರಿ. ನಾಚಿಕೆ ಅನಿಸಲಿಲ್ಲವಾ?"

ಆಗ ನನಗೆ ಸಿಟ್ಟು ಬಂತು. ಅಲ್ಲಿಯವರೆಗೆ ಬರೀ ಬೆವರಿತ್ತು.

"ಎಂತಕ್ಕೆ ನಾಚ್ಕಿ? ದೊಡ್ಮನಿ ಸರಸಮ್ಮನಿಗೂ ಕೂಡಿಕೆ ಆಯಿತ್ತಲೆ. ಮೊದ್ಲಿನ ಗಂಡ ಬದ್ಕಿಪ್ಪತಿಗೇ ಆದದ್ದ್. ಅವ್ರ ಮೊಮ್ಮಗ ಅಗಾ ಅಲ್ಲ್ ನಿಂತಿದ್ದ. ಅವ್ನತ್ರ ಕೇಣಿ."

ಕಟಕಟೆಯಲ್ಲಿ ಭೋಜರಾಜನ ಮುಖ ಮೊದಲ ಬಾರಿ ಬದಲಾಯಿತು. ಸರಸಮ್ಮ ಅವನ ಅಜ್ಜಿ, ತಾಯಿಯ ತಾಯಿ. ದೊಡ್ಮನೆಯಲ್ಲೂ ನಮ್ಮದೇ ಕಟ್ಟು. ಅವರಲ್ಲೂ ಮನೆ ಹೆಣ್ಣಿನದು. ಸರಸಮ್ಮ ಮೊದಲನೆಯ ಗಂಡನನ್ನು ಬಿಟ್ಟು ಬ್ರಹ್ಮಾವರ ಕಡೆಯವರೊಬ್ಬರನ್ನು ಕೂಡಿಕೆ ಮಾಡಿಕೊಂಡ ದಿನ ಊರಿಗೆಲ್ಲ ಊಟ. ನನ್ನ ಅಬ್ಬೆ ಆಗ ಸಣ್ಣ ಹುಡುಗಿ. ಹಿತ್ತಲಲ್ಲಿ ಕೂತು ಪಾಯಸ ತಿಂದದ್ದನ್ನು ಈಗಲೂ ಹೇಳುತ್ತಾಳೆ.

ಟೈಪಿಸ್ಟು ಕೈ ಎತ್ತಿ ಜಡ್ಜರ ಮುಖ ನೋಡಿದ.

"ಅದು ಬೇಡ. ಈ ಕೇಸಿಗೆ ಸಂಬಂಧ ಇಲ್ಲ," ಎಂದರು ಜಡ್ಜರು.

ನನ್ನ ಅಂಗಳದ ಕೂಡಿಕೆ ಕೇಸಿಗೆ ಸಂಬಂಧ ಇದೆ. ಅವರ ಚಾವಡಿಯ ಕೂಡಿಕೆ ಸಂಬಂಧ ಇಲ್ಲ. ನಾನು ಯಾರ ಜೊತೆ ಮಲಗಿದ್ದೆ ಎಂಬುದು ಸಂಬಂಧ ಇದೆ. ಅವನು ಆ ಹಾಡಿಯಲ್ಲಿ ಎಷ್ಟು ಹೆಂಗಸರಿಗೆ ಅಡ್ಡ ನಿಂತಿದ್ದ ಎಂಬುದು ಸಂಬಂಧ ಇಲ್ಲ. ಕಾನೂನು ಓದದಿದ್ದರೂ ನನಗೆ ಅವತ್ತು ಅರ್ಥವಾಯಿತು.

ಆಮೇಲಿನ ತಾರೀಖಿಗೆ ಅಬ್ಬೆಯ ಸಾಕ್ಷಿ. ನಾನು ಹರಿದ ಸೀರೆಯಲ್ಲಿ ಮನೆಗೆ ಬಂದದ್ದನ್ನು ಮೊದಲು ನೋಡಿದವಳು ಅವಳು. ಅಷ್ಟು ಹೇಳಿಸಿದರೆ ಸಾಕು ಎಂದಿದ್ದರು ಸರ್ಕಾರಿ ವಕೀಲರು. ಅಷ್ಟನ್ನು ಅವಳು ಸರಿಯಾಗಿಯೇ ಹೇಳಿದಳು. ಆಮೇಲೆ ಸುಧಾಕರ ವಕೀಲರು ಎದ್ದು ನಿಂತರು. ಅವತ್ತು ಬಾಗಿಲು ಹಾಕಿರಲಿಲ್ಲ, ನಾನು ಹಿಂದಿನ ಬೆಂಚಿನಲ್ಲಿದ್ದೆ.

ಅವರು ಅಬ್ಬೆಯನ್ನು ಒಂದು ಸಲವೂ ಹೆದರಿಸಲಿಲ್ಲ. ಅಮ್ಮ ಎಂದು ಕರೆದರು. ನೀರು ಕೊಡಿಸಿದರು. ನಿಮ್ಮಲ್ಲಿ ಹೆಣ್ಣಿಗೆ ಬಹಳ ಗೌರವವಂತೆ, ನಿಮ್ಮ ಪದ್ಧತಿ ಸ್ವಲ್ಪ ಹೇಳಿ, ನಮಗೆಲ್ಲ ಗೊತ್ತಿಲ್ಲ ಎಂದರು. ಅಬ್ಬೆಯ ಮುಖ ಅರಳಿತು. ಅಷ್ಟು ದೊಡ್ಡ ಜಾಗದಲ್ಲಿ, ಅಷ್ಟು ದೊಡ್ಡವರು ನಮ್ಮ ಕ್ರಮ ಕೇಳುತ್ತಿದ್ದಾರೆ. ತನ್ನ ಮಗಳು ಹಾದಿಬೀದಿಯವಳಲ್ಲ ಎಂದು ತಿಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಯಾವುದು ಎಂದು ಅವಳು ಅಂದುಕೊಂಡಳು. ಹರಿವಾಣ ಹೇಗಿಡುವುದು, ಸೀರೆ ಯಾರು ಹಿಂದಕ್ಕೆ ಕೊಡುವುದು, ವೀಳ್ಯ ಯಾರಿಗೆ ಮೊದಲು, ಎಲ್ಲ ಹೇಳಿದಳು. ಕೈಯಾಡಿಸುತ್ತಾ ಹೇಳಿದಳು. ನನಗೆ ಎದ್ದು ಹೋಗಿ ಅವಳ ಬಾಯಿ ಮುಚ್ಚಬೇಕು ಅನಿಸಿತು.

"ಅಂದರೆ ನಿಮ್ಮಲ್ಲಿ ಹೆಂಗಸು ತನಗೆ ಬೇಡವಾದ ಗಂಡಸನ್ನು ಬಿಡಬಹುದು."

"ಬಿಡ್ಲಕ್ಕ್ ಒಡ್ಯಾ. ಹೊಡ್ತ ತಿಂದ್ಕಂಡ್ ಎಂತಕ್ ಇಪ್ಪುದ್?"

"ಬೇಕಾದವನನ್ನು ಇಟ್ಟುಕೊಳ್ಳಬಹುದು."

"ಕೂಡಿಕೆ ಮಾಡ್ಕಂಬ್ಲಕ್ಕ್."

"ಎರಡನೆಯವನೂ ಸರಿಬರದಿದ್ದರೆ?"

"ಅವ್ನೂ ಸರಿ ಇಲ್ದಿರೆ ಮೂರ್ನೇದ್ ಮಾಡ್ಕಂಡ್ರೂ ನಮ್ಮಲ್ಲ್ ತಪ್ಪಿಲ್ಲ."

"ಧನ್ಯವಾದ ಅಮ್ಮ," ಎಂದು ಸುಧಾಕರ ವಕೀಲರು ಕೂತರು.

ಅಬ್ಬೆ ಕೆಳಗಿಳಿದು ಬಂದಳು. "ಒಳ್ಳೆ ಜನ, ಕಾಣ್. ಎಷ್ಟ್ ಲಾಯ್ಕ್ ಮಾಡಿ ಕೇಂಡ್ರ್," ಎಂದಳು. ಬಸ್ಸಿನಲ್ಲಿ ಅವಳು ನಿದ್ದೆ ಮಾಡಿದಳು.

ತೀರ್ಪು ಇಂಗ್ಲಿಷಿನಲ್ಲಿತ್ತು. ಸರ್ಕಾರಿ ವಕೀಲರು ಕನ್ನಡದಲ್ಲಿ ಹೇಳಿದರು. ಪಿರ್ಯಾದಿ ಹೆಂಗಸು ಪುರುಷ ಸಂಪರ್ಕಕ್ಕೆ ಹೊಸಬಳಲ್ಲ. ಇದಕ್ಕೆ ವೈದ್ಯಕೀಯ ವರದಿ ಇದೆ. ಆಕೆಯ ನಡತೆ ಸಡಿಲವಾದದ್ದು. ಇದಕ್ಕೆ ಸ್ವತಃ ಆಕೆಯ ತಾಯಿಯ ಸಾಕ್ಷಿ ಇದೆ. ಮೂರನೆಯ ಗಂಡಸಾದರೂ ತಪ್ಪಿಲ್ಲ ಎಂದು ತಾಯಿಯೇ ಒಪ್ಪಿಕೊಂಡಿದ್ದಾಳೆ. ಇಂಥ ಹೆಂಗಸಿನ ಮಾತೊಂದನ್ನೇ ನಂಬಿ ಗೌರವಸ್ಥ ಕುಟುಂಬದವನನ್ನು ಶಿಕ್ಷಿಸಲಾಗದು. ಗುಳ್ಳೆಗಳು ಬೇರೆ ರೀತಿಯಿಂದಲೂ ಆಗಿರಬಹುದು. ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡಲಾಗಿದೆ.

ಹೊರಗೆ ಪಟಾಕಿ ಹೊಡೆದರು.

ಅವಳ ಮಾತು ತೀರ್ಪಿನಲ್ಲಿ ಬಂದದ್ದನ್ನು ಅಬ್ಬೆಗೆ ಯಾರೂ ಹೇಳದಿರಲಿ ಎಂದು ಕಿಟ್ಟನ ಹತ್ತಿರ ಹೇಳಿದ್ದೆ. ಊರು ಬಿಡುತ್ತದೆಯಾ? ದೊಡ್ಮನೆಯ ಗದ್ದೆಯ ಬದುವಿನಲ್ಲಿ ನಿಂತು ಯಾರೋ ಕೇಳಿದರಂತೆ, "ಹ್ವಾಯ್ ಅಮ್ಮಣ್ಣಿ, ಮೂರ್ನೇದ್ ಯಾವಾಗ?" ಅಬ್ಬೆ ಮನೆಗೆ ಬಂದು ನನ್ನ ಎದುರು ಕೂತಳು. ತೀರ್ಪಿನಲ್ಲಿ ತನ್ನ ಮಾತು ಇದೆಯಾ ಎಂದು ಕೇಳಿದಳು. ಇದೆ ಎಂದೆ. ಅವಳು ಅಳಲಿಲ್ಲ. ಎರಡು ದಿನ ಅನ್ನ ಮುಟ್ಟಲಿಲ್ಲ. ನಮ್ಮ ಕೇರಿಯ ಹಿರಿಯರೂ ಬಂದರು, ಇನ್ನು ಮುಂದೆ ಕೂಡಿಕೆ ಬೇಡ, ಹೊರಗೆ ಹೇಳಿಕೊಳ್ಳಲಿಕ್ಕೆ ನಾಚಿಕೆ ಎಂದರು. ಹೊಡೆತ ತಿಂದು ತವರಿಗೆ ಬಂದಿದ್ದ ಆಚೆಮನೆಯ ಹುಡುಗಿಯನ್ನು ಅದೇ ವಾರ ಗಂಡನ ಮನೆಗೆ ತಿರುಗಿ ಕಳಿಸಿದರು. ಭೋಜರಾಜನ ವಕೀಲರು ಕೋರ್ಟಿನಲ್ಲಿ ಕೇಳಿದ ಪ್ರಶ್ನೆ ನಮ್ಮ ಅಂಗಳದವರೆಗೂ ಬಂದು ಆ ಹುಡುಗಿಯನ್ನು ಎಳೆದುಕೊಂಡು ಹೋಯಿತು. ನನ್ನ ಕೇಸು ಸೋತದ್ದಕ್ಕಿಂತ ಇದು ನನ್ನನ್ನು ಹೆಚ್ಚು ಸುಟ್ಟಿತು.

ಮುಂದಿನ ಬೇಸಿಗೆಯಲ್ಲಿ ದೊಡ್ಮನೆಯಲ್ಲಿ ಮದುವೆ. ಭೋಜರಾಜನ ತಂಗಿ ಜಲಜಾಕ್ಷಿಯದು. ಅವಳದು ಎರಡನೆಯದು. ಮುಂಬೈಯ ಗಂಡ ಸರಿಬರಲಿಲ್ಲ, ಬಿಟ್ಟಿದ್ದಳು. ಸೈ, ಯಾಕೆ ಬಿಡಬಾರದು? ಬಂಗಾರದ ಅಕ್ಷರದ ಕಾಗದ ಅಚ್ಚಾಯಿತು. ಅಂಗಳ ತುಂಬ ಚಪ್ಪರ. ಅವರ ಮೇಸ್ತ್ರಿ ಶೀನ ಕಾಲನಿಗೆ ಬಂದ.

"ಎಂಜಲೆಲೆ ತೆಗುಕೆ ಹೆಂಗ್ಸ್ರ್ ಬರ್ಕಂತೆ. ಅಮ್ಮಣ್ಣಿ, ನೀನೂ ಬಾ. ಹಳೇದೆಲ್ಲ ಮರ್ತಾಯ್ತ್ ಅಂದ್ರ್ ಅವ್ರ್."

ಮರೆಯುವುದು ಅವರ ಕೈಯಲ್ಲಿದೆ, ನೋಡಿ.

ಆ ಮನೆಯ ಊಟದ ಎಲೆ ತೆಗೆಯುವುದು ನಮ್ಮ ಕಾಲನಿಯ ಹೆಂಗಸರೇ. ಉಂಡವರು ಎದ್ದು ಹೋಗುತ್ತಾರೆ. ಇನ್ನೊಬ್ಬರು ಉಂಡ ಎಲೆಯನ್ನು ಅವರ ಪೈಕಿ ಯಾರೂ ಮುಟ್ಟುವುದಿಲ್ಲ. ನಾವು ಬಗ್ಗಿ ಒಂದೊಂದೇ ಎಲೆ ಮಡಚಿ ಹೆಡಿಗೆಗೆ ಹಾಕಿ, ಸೆಗಣಿ ಸಾರಿಸಿ ಹೊರಗೆ ಬಂದ ಮೇಲೆ ಎರಡನೆಯ ಪಂಕ್ತಿ ಕೂರುತ್ತದೆ. ನಮ್ಮ ಊಟ ಎಲ್ಲ ಮುಗಿದ ಮೇಲೆ, ಹಿತ್ತಲಲ್ಲಿ. ಕಿಟ್ಟ ಹೋಗಬೇಡಿ ಎಂದ. ಅಬ್ಬೆ ಹೆಡಿಗೆ ಎತ್ತಿಕೊಂಡಳು. ಯಾಕೆ ಎಂದು ಹೇಳಲಿಲ್ಲ. ಅವಳನ್ನು ಒಬ್ಬಳೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ನಮ್ಮ ಜೊತೆ ಇನ್ನೂ ಕೆಲವರು ಬಂದರು.

ಮೊದಲ ಪಂಕ್ತಿ ಮುಗಿಯುತ್ತಿತ್ತು. ಸುಧಾಕರ ವಕೀಲರು ನಡುವೆ ಕೂತಿದ್ದರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಭೋಜರಾಜ ಶಲ್ಯ ಹೆಗಲಿಗೆ ಹಾಕಿಕೊಂಡು, ನಿಧಾನ ಆಗಲಿ, ನಿಧಾನ ಆಗಲಿ ಎಂದು ಉಪಚಾರ ಮಾಡುತ್ತಿದ್ದ. ಕುತ್ತಿಗೆಯಲ್ಲಿ ಕಲೆ ಇನ್ನೂ ಇತ್ತು. ಪಂಕ್ತಿಯ ತುದಿಯಲ್ಲಿ ಕುರ್ಚಿಯ ಮೇಲೆ ಸರಸಮ್ಮ. ಎಂಬತ್ತು ದಾಟಿದ ಮುದುಕಿ, ಕಿವಿ ಚುರುಕು. ಮದುಮಗಳು ಅವಳ ಪಕ್ಕದಲ್ಲಿ ನಿಂತಿದ್ದಳು. ಅವಳನ್ನು ನೋಡಿ ನನಗೆ ಯಾವ ಸಿಟ್ಟೂ ಬರಲಿಲ್ಲ. ಸುಖವಾಗಿರಲಿ ಎಂದೇ ಅನಿಸಿತು. ಅವಳನ್ನು ಯಾರೂ ಎಷ್ಟನೆಯದು ಎಂದು ಕೇಳದಿರಲಿ.

ಎಲ್ಲರೂ ಏಳುವ ಹೊತ್ತು. ನಾನು ಹೋಗಿ ಸುಧಾಕರ ವಕೀಲರ ಎಲೆಯ ಮುಂದೆ ನಿಂತೆ. ಅವರು ಕೈ ತೊಳೆಯಲು ಏಳುತ್ತಿದ್ದರು.

"ವಕೀಲ್ರೇ, ಒಂದ್ ಕೇಣ್ಲಾ?" ಎಂದೆ. "ನಾಳೆ ಯಾರಾರೂ ಈ ಮನಿ ಹೆಣ್ಣಿನ ಮೇಲ್ ಕೈ ಹಾಕಿರೆ, ನೀವ್ ಕೋರ್ಟಲ್ಲ್ ಈ ಎರಡ್ನೇ ಮದಿಗೆ ಊಟ ಉಂಡದ್ದ್ ಹೇಳ್ತ್ರ್ಯಾ? ಇವ್ಳ ನಡ್ತಿ ಸರಿ ಇಲ್ಲ ಅಂತ್ರ್ಯಾ?"

ಅವರಿಗೆ ಗುರುತು ಸಿಕ್ಕಿತು. ಎಂಜಲು ಕೈಯನ್ನು ಹಿಂದಕ್ಕೆ ಎಳೆದುಕೊಂಡು ಭೋಜರಾಜನ ಕಡೆ ನೋಡಿದರು. ಭೋಜರಾಜ, "ಶೀನಾ, ಇವಳನ್ನ ಒಳಗೆ ಬಿಟ್ಟವ ಯಾರಾ?" ಎಂದು ಕೂಗುತ್ತಾ ಬಂದ. ಅಷ್ಟರಲ್ಲಿ ಸರಸಮ್ಮನ ದನಿ ಕೇಳಿಸಿತು. ಮುದುಕಿ ಸಿಟ್ಟು ಮಾಡಲಿಲ್ಲ. ಇಷ್ಟೂ ಗೊತ್ತಿಲ್ಲವಾ ಎನ್ನುವ ಹಾಗೆ ಹೇಳಿದಳು.

"ಎಂತದೇ ನಿಂದ್? ನೀವೂ ನಾವೂ ಒಂದೇಯಾ?"

ಕೋರ್ಟಿನಲ್ಲಿ ಟೈಪು ಮಾಡಿಸದೆ ಬಿಟ್ಟ ಮಾತು ಇದೇ. ಜಡ್ಜರು ಅಷ್ಟು ಪುಟ ಇಂಗ್ಲಿಷಿನಲ್ಲಿ ಬರೆದದ್ದನ್ನು ಮುದುಕಿ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದಳು.

ನನ್ನ ಹಿಂದಿನಿಂದ ಅಬ್ಬೆ ಬಂದಳು. ಆ ಮನೆಯವರ ಎದುರು ತಲೆ ಎತ್ತಿ ಮಾತಾಡಿದವಳಲ್ಲ. ಸೊಂಟದ ಮೇಲಿದ್ದ ಹೆಡಿಗೆಯನ್ನು ಪಂಕ್ತಿಯ ನಡುವೆ, ಎಂಜಲೆಲೆಗಳ ಮೇಲೆ, ಕವುಚಿ ಇಟ್ಟಳು.

"ಒಂದೇ ಅಲ್ಲ ಅಮ್ಮಾ," ಎಂದಳು. "ನಾವ್ ಮಾಡಿದ್ದನ್ನ್ ಮಾಡಿದ್ದ್ ಅಂದ್ ಕೋರ್ಟಲ್ಲ್ ಹೇಳ್ದೆ ನಾನ್. ನೀವ್ ಅಡಗ್ಸ್ಕಂಡ್ ಕೂಕಂಡ್ರಿ."

ಮದುಮಗಳು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ನಾನು ನನ್ನ ಹೆಡಿಗೆಯನ್ನು ಅಬ್ಬೆಯ ಹೆಡಿಗೆಯ ಪಕ್ಕದಲ್ಲಿಟ್ಟೆ. ನಮ್ಮ ಜೊತೆ ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಇಟ್ಟವಳು ಆಚೆಮನೆಯ ಹುಡುಗಿಯ ತಾಯಿ. ಆಮೇಲೆ ಉಳಿದವರು ಇಟ್ಟರು.

ನಾವು ಚಪ್ಪರದಿಂದ ಹೊರಗೆ ನಡೆದೆವು. ಎರಡನೆಯ ಪಂಕ್ತಿಯವರು ಬಾಗಿಲಲ್ಲಿ ಒತ್ತಿಕೊಂಡು ನಿಂತಿದ್ದರು. ಎಲೆಗಳ ಮೇಲೆ ಆಗಲೇ ನೊಣ ಕೂರುತ್ತಿತ್ತು. ಹಿಂದಿನಿಂದ ಭೋಜರಾಜ ಕೂಗಿದ.

"ಹ್ವಾಯ್, ಎಲೆ ತೆಗುದ್ ಯಾರೇ?"

ಅಬ್ಬೆ ತಿರುಗಿ ನೋಡಲಿಲ್ಲ.

"ಉಂಡವ್ರೇ ತೆಕ್ಕಣ್ಲಿ," ಎಂದಳು.